ಮಡಿಕೇರಿ ಇಳಿಜಾರು, ಜಡಿಮಳೆ, ಜೀಬ್ರಾ ಪಟ್ಟಿ: ದಾಟುವವರು ಯಾವಾಗ ಇಳಿಯಬೇಕು, ಗಾಡಿಯವರು ಎಲ್ಲಿ ನಿಲ್ಲಬೇಕು?

ಕಾಫಿಹೂ (ಪ್ರಶ್ನೆ)

ಬೆಳಿಗ್ಗೆ ನಡೆದು ಹೋಗುವವಳೂ ನಾನೇ, ಸಂಜೆ ಕಾರು ಓಡಿಸುವವಳೂ ನಾನೇ. ಅದಕ್ಕೇ ಎರಡೂ ಕಡೆಯಿಂದ ಕೇಳುತ್ತಿದ್ದೇನೆ.

ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ, ಎಲ್ಲಿ ನೋಡಿದರೂ ಪೇಟೆ ರಸ್ತೆ ಒಂದೋ ಏರು, ಇಲ್ಲವೇ ಇಳಿಜಾರು, ಮಧ್ಯೆ ಒಂದು ತಿರುವು. ಸಿಗ್ನಲ್ ಇಲ್ಲದ ಜೀಬ್ರಾ ಪಟ್ಟಿಯಲ್ಲಿ ದಾಟಬೇಕು. ಅಂಚಿನಲ್ಲಿ ನಿಂತರೆ ಯಾರೂ ನಿಲ್ಲಿಸುವುದಿಲ್ಲ, ಕಾಲಿಟ್ಟರೆ ಹಾರ್ನ್. ಕಾನೂನು ಏನು ಹೇಳುತ್ತೆ: ಅಂಚಿನಲ್ಲಿ ಕಾಯುತ್ತಿರುವವರಿಗೂ ನಿಲ್ಲಿಸಬೇಕೋ, ಪಟ್ಟಿ ಮೇಲೆ ಇಳಿದವರಿಗೆ ಮಾತ್ರವೋ?

ಓಡಿಸುವಾಗಿನ ಭಯ ಬೇರೆ. ಮಳೆಯಲ್ಲಿ, ಇಳಿಜಾರಿನಲ್ಲಿ ಯಾರಿಗೋ ದಾರಿ ಬಿಡಲು ನಿಲ್ಲಿಸಿದರೆ ಹಿಂದಿನ ಪಿಕಪ್ ಬಂದು ಡಿಕ್ಕಿಗೇ ಗುದ್ದೀತು ಅನಿಸುತ್ತದೆ. ಎಷ್ಟು ಮೊದಲು ಬ್ರೇಕ್ ಹಿಡಿಯಬೇಕು?

ಇನ್ನೊಂದು, ಎಪ್ಪತ್ತು ದಾಟಿದವರು, ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಚೀಲ. ಇಂಥವರಿಗೆ ಎಷ್ಟು ದೂರದಲ್ಲಿ ಗಾಡಿ ಇದ್ದರೆ ದಾಟಬಹುದು ಅಂತ ಹೇಳಿಕೊಡುವುದು ಹೇಗೆ? "ನೋಡಿಕೊಂಡು ದಾಟಿ" ಅನ್ನುವುದು ಬಿಟ್ಟು ಲೆಕ್ಕದಲ್ಲಿ ಹೇಳುವವರು ಇದ್ದರೆ ಒಳ್ಳೆಯದು.

---

ಎರಡನೇ_ಗೇರ್

ಕಾನೂನು ಮೊದಲು, ಚಿಕ್ಕದಾಗಿ. 2017ರ ಮೋಟಾರು ವಾಹನ ಚಾಲನಾ ನಿಯಮಾವಳಿ ಪ್ರಕಾರ ಸಿಗ್ನಲ್ ಇಲ್ಲದ ಪಾದಚಾರಿ ಪಟ್ಟಿ ಹತ್ತಿರ ಬರುವಾಗ ಚಾಲಕ ವೇಗ ಇಳಿಸಬೇಕು, ನಿಲ್ಲಬೇಕು, ನಡೆಯುವವರಿಗೂ ಗಾಲಿಕುರ್ಚಿಯವರಿಗೂ ದಾರಿ ಬಿಡಬೇಕು. ಮುಂದೆ ಟ್ರಾಫಿಕ್ ಕಟ್ಟಿಕೊಂಡಿದ್ದರೆ ಪಟ್ಟಿಯ ಮೇಲೆ ಹೋಗಿ ನಿಲ್ಲುವಂತಿಲ್ಲ, ಹಿಂದೆಯೇ ಕಾಯಬೇಕು. ಈ ನಿಯಮಾವಳಿ ಮೀರಿದರೆ ಮೋಟಾರು ವಾಹನ ಕಾಯ್ದೆಯ 177ಎ ಕಲಂ ಅಡಿ 500ರಿಂದ 1,000 ರೂಪಾಯಿ ದಂಡ. ಅಂಚಿನಲ್ಲಿ ನಿಂತವರೋ, ಇಳಿದವರೋ ಎಂದು ಅಳೆಯುತ್ತಾ ಕೂರುವುದು ಓಡಿಸುವವರ ಕೆಲಸವಲ್ಲ. ಮುಖ ರಸ್ತೆ ಕಡೆ ತಿರುಗಿಸಿ, ಒಂದು ಪಾದ ಅಂಚಿಗೆ ತಂದು ನಿಂತವರು ದಾಟುವವರೇ ಎಂದು ಲೆಕ್ಕ ಹಿಡಿಯಿರಿ.

ಇನ್ನು ದೂರ. ಗಂಟೆಗೆ 40 ಕಿ.ಮೀ. ಅಂದರೆ ಸೆಕೆಂಡಿಗೆ 11 ಮೀಟರ್. ಕಣ್ಣಿಗೆ ಕಂಡು, ತಲೆಗೆ ಹೋಗಿ, ಕಾಲು ಬ್ರೇಕಿಗೆ ಬರುವಷ್ಟರಲ್ಲಿ ಒಂದೂವರೆ ಸೆಕೆಂಡು ಹಿಡಿದರೂ 17 ಮೀಟರ್ ಹೋಯಿತು, ಬ್ರೇಕ್ ಇನ್ನೂ ಹಿಡಿದೇ ಇಲ್ಲ. ಒಣ ಡಾಂಬರು, ಸಮತಟ್ಟು, ಒಳ್ಳೆಯ ಟೈರ್ ಇದ್ದರೆ ಬ್ರೇಕ್ ಹಿಡಿದ ಮೇಲೆ ಇನ್ನೊಂದು 9 ಮೀಟರ್. ಅದೇ ಒದ್ದೆ ರಸ್ತೆ, ಅದೇ ಇಳಿಜಾರು (12 ಮೀಟರಿಗೆ ಒಂದು ಮೀಟರ್ ಇಳಿಯುವಂಥದ್ದು) ಆದರೆ ಆ 9 ಹೋಗಿ ಸುಮಾರು 20 ಆಗುತ್ತದೆ. ಒಟ್ಟು 37 ಮೀಟರ್. ವೇಗವನ್ನು 30ಕ್ಕೆ ಇಳಿಸಿ ನೋಡಿ: ಅದೇ ಮಳೆ, ಅದೇ ಇಳಿಜಾರಿನಲ್ಲಿ 24 ಮೀಟರಿಗೆ ನಿಲ್ಲುತ್ತದೆ. ಹತ್ತು ಕಿ.ಮೀ. ಕಮ್ಮಿ ಮಾಡಿದ್ದಕ್ಕೆ ಮೂರು ಕಾರಿನ ಉದ್ದ ಉಳಿಯಿತು. ಟೈರ್ ಸವೆದಿದ್ದರೆ ಈ ಲೆಕ್ಕವೆಲ್ಲ ಇನ್ನೂ ಕೆಡುತ್ತದೆ.

ಹಿಂದಿನ ಪಿಕಪ್ ಗುದ್ದುತ್ತದೆ ಎಂಬ ಭಯಕ್ಕೆ ಉತ್ತರವೂ ಇಲ್ಲೇ ಇದೆ. ಹಿಂದಿನವ ಗುದ್ದುವುದು ನೀವು ನಿಂತದ್ದಕ್ಕಲ್ಲ, ಗಕ್ಕನೆ ನಿಂತದ್ದಕ್ಕೆ. ಪಟ್ಟಿಗೆ 50-60 ಮೀಟರ್ ಇರುವಾಗಲೇ ಒಳಗನ್ನಡಿ ನೋಡಿ. ಎರಡನೇ ಗೇರಿಗೆ ಇಳಿಸಿ. ಇಲ್ಲಿ ಒಂದು ಸೂಕ್ಷ್ಮ ಇದೆ: ಗೇರ್ ಇಳಿಸಿ ಎಂಜಿನ್ ಹಿಡಿತದಲ್ಲಿ ನಿಧಾನವಾದರೆ ಬ್ರೇಕ್ ದೀಪ ಹತ್ತುವುದಿಲ್ಲ, ಹಿಂದಿನವನಿಗೆ ನೀವು ನಿಧಾನವಾದದ್ದೇ ತಿಳಿಯುವುದಿಲ್ಲ. ಅದಕ್ಕೆ ಪೆಡಲನ್ನು ಎರಡು ಸಲ ಹಗುರಾಗಿ ಮುಟ್ಟಿ, ದೀಪ ಮಿನುಗಲಿ. ಆಮೇಲೆ ನಿಜವಾದ ಬ್ರೇಕ್. ಹಿಂದೆ ಗಾಡಿ ತೀರಾ ಅಂಟಿಕೊಂಡು ಬರುತ್ತಿದ್ದರೆ ಇನ್ನೂ ಬೇಗ ಶುರು ಮಾಡಿ, ಅವನ ಪಾಲಿನ ಬ್ರೇಕ್ ದೂರವನ್ನೂ ನೀವೇ ಕೊಡಬೇಕಾಗುತ್ತದೆ.

ಎಲ್ಲಿ ನಿಲ್ಲಬೇಕು? ಅಡ್ಡ ಬಿಳಿ ಗೆರೆ ಇದ್ದರೆ ಅದರ ಹಿಂದೆ. ಗೆರೆ ಇಲ್ಲದಿದ್ದರೆ ಕುಳಿತಲ್ಲಿಂದ ಬಾನೆಟ್ ಆಚೆಗೆ ಪಟ್ಟಿಯ ಹತ್ತಿರದ ಅಂಚು ಪೂರ್ತಿ ಕಾಣಬೇಕು. ಅಂಚು ಬಾನೆಟ್ ಕೆಳಗೆ ಮರೆಯಾಯಿತು ಅಂದರೆ ಮುಂದೆ ಬಂದಾಯಿತು. ಬಸ್ಸು, ಲಾರಿಯವರು ಇನ್ನೂ ಹಿಂದೆ ನಿಲ್ಲಬೇಕು, ಮೂತಿಯ ಕೆಳಗೆ ಮಗು ನಿಂತರೆ ಸೀಟಿನಿಂದ ಕಾಣುವುದೇ ಇಲ್ಲ. ಏರಿನಲ್ಲಿ ನಿಂತಿದ್ದರೆ ಕ್ಲಚ್ಚಿನಲ್ಲಿ ತೂಗಾಡಿಸುತ್ತಾ ಇರಬೇಡಿ. ಹ್ಯಾಂಡ್‌ಬ್ರೇಕ್ ಎಳೆಯಿರಿ, ನ್ಯೂಟ್ರಲ್ ಮಾಡಿ. ಕ್ಲಚ್ಚಿನಿಂದ ಕಾಲು ಜಾರಿದರೆ ಗಾಡಿ ಒಂದಡಿ ಮುಂದೆ ಹಾರುತ್ತದೆ, ಆ ಒಂದಡಿಯಲ್ಲೇ ದಾಟುವವರ ಮೊಣಕಾಲು ಇರುತ್ತದೆ.

---

ನಡೆದೇ_ಹೋಗುವವ

ನಡೆಯುವವರ ಲೆಕ್ಕ ನನ್ನ ಪಾಲಿಗೆ.

ಎರಡು ಪಥದ ರಸ್ತೆ 7 ಮೀಟರ್ ಅಗಲ ಅಂತಿಟ್ಟುಕೊಳ್ಳಿ. ರಸ್ತೆ ಎಂಜಿನಿಯರ್‌ಗಳು ಸೆಕೆಂಡಿಗೆ 1.2 ಮೀಟರ್ ನಡಿಗೆ ಹಿಡಿಯುತ್ತಾರೆ, ಅಂದರೆ 6 ಸೆಕೆಂಡು. ಎಪ್ಪತ್ತು ದಾಟಿದವರು, ಮಂಡಿ ನೋವಿನವರು 0.8 ಮೀಟರ್ ನಡೆದರೆ ಹೆಚ್ಚು, ಅವರಿಗೆ 9 ಸೆಕೆಂಡು ಬೇಕು. ಇದಕ್ಕೆ ಮೂರು ಸೆಕೆಂಡು ಸೇರಿಸಿ: ನಿರ್ಧಾರ ಮಾಡಿ ಮೊದಲ ಹೆಜ್ಜೆ ಇಡಲು ಒಂದು, ಕೊನೆಗೆ ಅಂಚು ಹತ್ತಲು ಎರಡು (ನಮ್ಮಲ್ಲಿ ಚರಂಡಿ ಚಪ್ಪಡಿಯ ಎತ್ತರ ನೋಡಿದ್ದೀರಲ್ಲ). ಹಿರಿಯರಿಗೆ ಒಟ್ಟು 12 ಸೆಕೆಂಡು. 40ರಲ್ಲಿ ಬರುವ ಗಾಡಿ 12 ಸೆಕೆಂಡಿನಲ್ಲಿ 130 ಮೀಟರ್‌ಗಿಂತ ಹೆಚ್ಚು ಬರುತ್ತದೆ.

ಈಗ ಹೇಳಿ, ನಮ್ಮ ಪೇಟೆಗಳಲ್ಲಿ 130 ಮೀಟರ್ ನೇರ ಕಾಣುವ ರಸ್ತೆ ಎಷ್ಟಿದೆ? ತಿರುವು ಅಡ್ಡ, ಬರೆ (ರಸ್ತೆಗಾಗಿ ಗುಡ್ಡ ಕಡಿದ ಮಣ್ಣಿನ ಗೋಡೆ) ಅಡ್ಡ, ನಿಲ್ಲಿಸಿದ ಜೀಪು ಅಡ್ಡ. ಖಾಲಿ ಕಂಡರೆ ದಾಟುವ ಕ್ರಮ ಹಿರಿಯರಿಗೆ ಇಲ್ಲಿ ನಡೆಯುವುದಿಲ್ಲ, ಯಾಕೆಂದರೆ ಖಾಲಿ ಇದೆಯೋ ಇಲ್ಲವೋ ಕಾಣುವುದೇ ಇಲ್ಲ. ಅವರಿಗೆ ಎರಡೇ ದಾರಿ: ಎರಡೂ ದಿಕ್ಕಿನ ಗಾಡಿ ನಿಂತ ಮೇಲೆ ಇಳಿಯುವುದು, ಇಲ್ಲವೇ 50 ಹೆಜ್ಜೆ ನಡೆದು ಎರಡೂ ಕಡೆ ದೂರ ಕಾಣುವ ಜಾಗಕ್ಕೆ ಹೋಗುವುದು. ತಿರುವಿನ ಬುಡದಲ್ಲಿ ಪಟ್ಟಿ ಬಳಿದಿದ್ದಾರೆ ಅಂತ ಅಲ್ಲೇ ದಾಟಲೇಬೇಕೆಂದಿಲ್ಲ.

ದೂರವನ್ನು ಮೀಟರಿನಲ್ಲಿ ಅಂದಾಜು ಮಾಡುವುದು ಯಾರಿಗೂ ಬರುವುದಿಲ್ಲ, ಸೆಕೆಂಡು ಎಣಿಸುವುದು ಬರುತ್ತದೆ. ದಿನಾ ದಾಟುವ ಜಾಗದಲ್ಲಿ ಒಂದು ಗುರುತು ಹಿಡಿಯಿರಿ, ಕರೆಂಟ್ ಕಂಬವೋ ಅಂಗಡಿ ಬೋರ್ಡೋ. ದಾಟದೆ ಸುಮ್ಮನೆ ನಿಂತು, ಗಾಡಿ ಆ ಗುರುತಿನಿಂದ ನಿಮ್ಮ ಮುಂದೆ ಬರುವವರೆಗೆ ಸಾವಿರದ ಒಂದು, ಸಾವಿರದ ಎರಡು ಅಂತ ಎಣಿಸಿ. ಐದಾರು ಗಾಡಿ ಎಣಿಸಿದರೆ ತಿಳಿಯುತ್ತದೆ. ಅವುಗಳಲ್ಲಿ ಅತಿ ವೇಗದ್ದಕ್ಕೆ 7 ಸೆಕೆಂಡು ಬಂದರೆ ಆ ಗುರುತು ನಿಮಗೆ ಸಾಲದು, ಇನ್ನೂ ಆಚೆಯ ಗುರುತು ಬೇಕು. ಬೆಳಿಗ್ಗೆ ಎಣಿಸಿದ್ದು ರಾತ್ರಿಗೆ ನಡೆಯುವುದಿಲ್ಲ. ಕತ್ತಲಲ್ಲಿ ಎರಡು ದೀಪ ನೋಡಿ ವೇಗ ಹೇಳಲು ಕಷ್ಟ, ಒಂದೇ ದೀಪದ ಬೈಕಿನದ್ದಂತೂ ಇನ್ನೂ ಕಷ್ಟ.

ಕೊಡೆ ಬಗ್ಗೆ. ಗಾಳಿಮಳೆಯಲ್ಲಿ ಕೊಡೆಯನ್ನು ಗಾಳಿ ಬರುವ ಕಡೆಗೆ ವಾಲಿಸುತ್ತೇವೆ, ಆ ಕಡೆಯ ರಸ್ತೆ ಪೂರ್ತಿ ಮುಚ್ಚುತ್ತದೆ. ಅಂಚಿಗೆ ಬಂದ ಮೇಲೆ ಕೊಡೆಯನ್ನು ನೆಟ್ಟಗೆ ಎತ್ತಿ, ಬಲ, ಎಡ, ಮತ್ತೆ ಬಲ ನೋಡಿ, ಎರಡು ಸೆಕೆಂಡು ತಲೆ ನೆನೆದರೂ ಸರಿ. ರೈನ್‌ಕೋಟಿನ ಟೋಪಿ ಹಾಕಿದ್ದರೆ ಕತ್ತು ಮಾತ್ರ ತಿರುಗಿಸಿದರೆ ಟೋಪಿಯ ಒಳಬದಿಯೇ ಕಾಣುತ್ತದೆ. ಭುಜ ಸಮೇತ ತಿರುಗಿ. ಮಳೆ ಸದ್ದಿನಲ್ಲಿ ಕಿವಿಯನ್ನು ನಂಬಬೇಡಿ, ಎಲೆಕ್ಟ್ರಿಕ್ ಸ್ಕೂಟರ್ ಬಂದದ್ದು ಬೇಸಿಗೆಯಲ್ಲೇ ಕೇಳುವುದಿಲ್ಲ.

ಚಪ್ಪಲಿ ಕೂಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಡಿಗೆ ಪಾಚಿ, ಪಟ್ಟಿಯ ಬಣ್ಣ ನುಣುಪು. ಓಡಬೇಡಿ ಎನ್ನುವುದಕ್ಕೆ ಕಾರಣ ಇದೇ. ಬಿದ್ದವರು ಪಟ್ಟಿಯ ಮೇಲೆ ಇದ್ದರೂ ಗಾಡಿಯವನ ಕಣ್ಣಿನ ಮಟ್ಟದಿಂದ ಮರೆಯಾಗುತ್ತಾರೆ.

ಬಸ್ಸಿನಿಂದ ಇಳಿದವರು ಬಸ್ಸಿನ ಮುಂದಿನಿಂದ ದಾಟುವುದು ಎಲ್ಲಕ್ಕಿಂತ ಕೆಟ್ಟದ್ದು. ಡ್ರೈವರಿಗೂ ಕಾಣುವುದಿಲ್ಲ, ಬಸ್ಸನ್ನು ಓವರ್‌ಟೇಕ್ ಮಾಡುವವನಿಗೂ ಕಾಣುವುದಿಲ್ಲ. ಬಸ್ಸು ಹೋಗಲಿ. ಅರ್ಧ ನಿಮಿಷದ ವಿಷಯ.

---

ಸಂಪಾಜೆ_ಗಾಳಿ

ಎರಡು ಚಕ್ರದವರ ಮಾತು ಯಾರೂ ಎತ್ತಲಿಲ್ಲ ಮಾರಾಯ್ರೆ. ಪಟ್ಟಿಯಲ್ಲಿ ನಿಂತ ಬಸ್ಸಿನ ಎಡಗಡೆ ಸಂದಿಯಲ್ಲಿ ನುಗ್ಗುವುದು ನಾವೇ ತಾನೆ.

ಒದ್ದೆ ಪಟ್ಟಿಯ ಮೇಲೆ ಬೈಕ್ ಯಾಕೆ ಜಾರುತ್ತದೆ ಎಂದರೆ, ಡಾಂಬರಿನ ಕಲ್ಲುಗಳ ಉಬ್ಬು ತಗ್ಗು ಟೈರಿಗೆ ಹಿಡಿತ ಕೊಡುತ್ತದೆ. ಪಟ್ಟಿಯ ದಪ್ಪ ಬಣ್ಣ ಆ ಉಬ್ಬು ತಗ್ಗನ್ನು ಮುಚ್ಚಿಬಿಡುತ್ತದೆ. ಮೇಲೆ ನೀರು, ಆ ನೀರಿನ ಮೇಲೆ ಡೀಸೆಲ್ ಜಿಡ್ಡು, ಅದರ ಮೇಲೆ ಸಿಲ್ವರ್ ಓಕ್ ಎಲೆ. ಬ್ರೇಕ್ ಹಿಡಿಯುವುದಿದ್ದರೆ ಪಟ್ಟಿಗೆ ಮೊದಲು, ಗಾಡಿ ನೆಟ್ಟಗಿರುವಾಗ, ಮುಂದಿನದ್ದು ಹಿಂದಿನದ್ದು ಎರಡೂ ಸೇರಿಸಿ. ಪಟ್ಟಿಯ ಮೇಲೆ ಬಂದ ಮೇಲೆ ಮುಂದಿನ ಬ್ರೇಕ್ ಹಿಚುಕಬೇಡಿ, ಹ್ಯಾಂಡಲ್ ತಿರುಗಿಸಬೇಡಿ. ಮಳೆ ಬಿಟ್ಟು ನಾಲ್ಕು ದಿನ ಆಗಿ ಮತ್ತೆ ಹನಿ ಶುರುವಾದ ಮೊದಲ ಹತ್ತು ಹದಿನೈದು ನಿಮಿಷ ಎಲ್ಲಕ್ಕಿಂತ ಜಾರು, ಜಿಡ್ಡು ಇನ್ನೂ ತೊಳೆದು ಹೋಗಿರುವುದಿಲ್ಲ.

ಮುಂದಿನ ಗಾಡಿ ಪಟ್ಟಿಯ ಬಳಿ ಸುಮ್ಮನೆ ನಿಂತಿದೆ, ಇಂಡಿಕೇಟರ್ ಇಲ್ಲ, ಕಾರಣ ಕಾಣುತ್ತಿಲ್ಲ ಅಂದರೆ ಕಾರಣ ಅದರ ಮೂತಿಯ ಮುಂದೆ ನಡೆಯುತ್ತಿದೆ ಎಂದು ತಿಳಿಯಿರಿ. ಎಡದಿಂದಲೂ ಬೇಡ, ಬಲದಿಂದಲೂ ಬೇಡ, ಹಿಂದೆ ನಿಲ್ಲಿ. ನಡೆಯುವವರು ಕೂಡ, ಒಂದು ಗಾಡಿ ನಿಂತಿತು ಅಂತ ಏಕ್‌ದಮ್ ಆಚೆ ದಡಕ್ಕೆ ಹೊರಡಬೇಡಿ. ನಿಂತ ಗಾಡಿಯ ಬಲ ಮೂಲೆಯವರೆಗೆ ಬಂದು, ಅಲ್ಲಿ ನಿಂತು, ಕತ್ತು ಚಾಚಿ ನೋಡಿ ಮುಂದೆ ಹೋಗಿ.

ಘಾಟಿ ಇಳಿದು ಬರುವವರಿಗೆ ಒಂದು ಮಾತು. ಮಡಿಕೇರಿಯಿಂದ ಸಂಪಾಜೆಗೆ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಪ್ಯಾಡ್ ಕಾದು ಹಿಡಿತ ಸಡಿಲವಾಗುತ್ತದೆ, ಪೆಡಲ್ ಒತ್ತಿದಷ್ಟಕ್ಕೆ ಗಾಡಿ ನಿಲ್ಲುವುದಿಲ್ಲ. ಕೆಳಗೆ ಊರು ಸಿಗುವ ಹೊತ್ತಿಗೆ ಅಲ್ಲಿ ಶಾಲೆ ಬಿಟ್ಟ ಮಕ್ಕಳು. ಏರುವಾಗ ಬಳಸಿದ ಗೇರಿನಲ್ಲೇ ಇಳಿಯಿರಿ ಅಂತ ಹಳೇ ಲಾರಿಯವರು ಹೇಳುವುದು ಸುಮ್ಮನೆ ಅಲ್ಲ.

---

ಕಾಫಿಹೂ

ತುಂಬಾ ಉಪಯೋಗವಾಯಿತು. ನಾನು ಕಾರು ನಿಲ್ಲಿಸಿದಾಗ ದಾಟುವವರು ನನ್ನ ಮುಖ ನೋಡುತ್ತಾ ಅನುಮಾನದಲ್ಲಿ ನಿಲ್ಲುತ್ತಾರೆ. ಕೈ ಬೀಸಿ "ಹೋಗಿ" ಅಂದರೆ ತಪ್ಪಾ?

---

ಎರಡನೇ_ಗೇರ್

ನನ್ನ ಮಟ್ಟಿಗೆ ತಪ್ಪು. ನೀವು ಕೈ ಬೀಸಿದರೆ ಅವರು ಅದನ್ನು ಇಡೀ ರಸ್ತೆ ಖಾಲಿ ಎಂದು ಓದಿಕೊಳ್ಳುತ್ತಾರೆ, ಎದುರು ಬದಿ ನೋಡುವುದನ್ನೇ ಬಿಡುತ್ತಾರೆ. ನಿಮ್ಮ ಬಲಗಡೆಯಿಂದ ಯಾರು ಬರುತ್ತಿದ್ದಾರೆ ಎಂದು ನಿಮಗೆ ಖಾತ್ರಿ ಇಲ್ಲ. ನೀವು ಮಾಡಬೇಕಾದ್ದು ಗಾಡಿಯನ್ನು ಪೂರ್ತಿ ನಿಲ್ಲಿಸುವುದು, ಅಷ್ಟೇ. ಚಕ್ರ ಒಂದಿಷ್ಟೂ ಉರುಳಬಾರದು. ಅನುಮಾನ ಬರುವುದೇ ತೆವಳುವ ಗಾಡಿಯನ್ನು ನೋಡಿ. ಇನ್ನು ಹೆಡ್‌ಲೈಟ್ ಮಿನುಗಿಸುವುದಂತೂ ಬೇಡವೇ ಬೇಡ. ಒಬ್ಬರಿಗೆ ಅದು "ನೀವು ಹೋಗಿ", ಇನ್ನೊಬ್ಬರಿಗೆ "ನಾನು ಬಂದೆ, ಸರಿ". ನಮ್ಮ ಕಡೆ ಎರಡನೇ ಅರ್ಥವೇ ಹೆಚ್ಚು.

---

ನಡೆದೇ_ಹೋಗುವವ

ಇಲ್ಲಿ ನಾನು ಪೂರ್ತಿ ಒಪ್ಪುವುದಿಲ್ಲ. ಚಾಲಕ ಕೈ ಬೀಸಬಾರದು, ಸರಿ. ನಡೆಯುವವರು ಮಾತ್ರ ಕೈ ಎತ್ತಲೇಬೇಕು. ಭುಜದ ಮಟ್ಟಕ್ಕೆ, ಅಂಗೈ ಗಾಡಿಯ ಕಡೆ, ಇಳಿಯುವ ಮುನ್ನ, ಗಾಡಿ ಇನ್ನೂ ನಾಲ್ಕೈದು ಸೆಕೆಂಡು ದೂರ ಇರುವಾಗ. ಆಗ ಅವನಿಗೆ ನಿಧಾನವಾಗಲು ಜಾಗ ಇರುತ್ತದೆ. ಮುಂದೆ ಬಂದುಬಿಟ್ಟ ಮೇಲೆ ಕೈ ತೋರಿಸಿ ಕಾಲಿಟ್ಟರೆ ಅವನ ಬ್ರೇಕನ್ನು ಪರೀಕ್ಷೆ ಮಾಡಿದ ಹಾಗೆ.

ಕೈ ಎತ್ತಿದ ಮೇಲೆ ಅವನ ಮುಖ ಹುಡುಕಬೇಡಿ. ಮಳೆಯಲ್ಲಿ ಗಾಜಿನ ಮೇಲೆ ಆಕಾಶದ ಹೊಳಪು ಬಿಟ್ಟು ಏನೂ ಕಾಣುವುದಿಲ್ಲ. ಮುಂದಿನ ಚಕ್ರ ನೋಡಿ. ಚಕ್ರ ನಿಧಾನವಾಗುವುದು ಕಾಣುತ್ತದೆ, ಬ್ರೇಕ್ ಹಿಡಿದರೆ ಮೂತಿ ತಗ್ಗುವುದೂ ಕಾಣುತ್ತದೆ. ಮೂತಿ ತಗ್ಗಿತು, ಚಕ್ರ ನಿಂತಿತು, ಆಮೇಲೆ ಹೆಜ್ಜೆ.

ಒಬ್ಬೊಬ್ಬರೇ ದಾಟುವುದಕ್ಕಿಂತ ನಾಲ್ಕು ಜನ ಸೇರಿ ಒಟ್ಟಿಗೆ ಇಳಿದರೆ ಗಾಡಿಯವರು ಬೇಗ ನಿಲ್ಲುತ್ತಾರೆ. ಮಡಿಕೇರಿಯ ಶುಕ್ರವಾರದ ಸಂತೆ ದಿನ ಇದು ತಾನಾಗಿ ಆಗುತ್ತದೆ. ಮಗು ಜೊತೆಗಿದ್ದರೆ ಬೆರಳು ಹಿಡಿಯಬೇಡಿ, ಮಣಿಕಟ್ಟು ಹಿಡಿಯಿರಿ, ಬೆರಳು ಒದ್ದೆಯಾದರೆ ಜಾರಿಬಿಡುತ್ತದೆ.

---

ಎರಡನೇ_ಗೇರ್

ಚಕ್ರ ನೋಡಿ ಅಂದದ್ದು ಸರಿಯಾಗಿದೆ, ಅದನ್ನು ಸೇರಿಸಿಕೊಳ್ಳುತ್ತೇನೆ. ಬಸ್ಸು ಲಾರಿಯ ಮೂತಿ ಕಾರಿನಷ್ಟು ತಗ್ಗುವುದಿಲ್ಲ, ಅಲ್ಲಿ ಚಕ್ರವೊಂದೇ ಗತಿ.

---

ಡಾಂಬರು_ಮತ್ತು_ಬಣ್ಣ

ಪಟ್ಟಿಯ ಬಗ್ಗೆಯೇ ಯಾರೂ ಹೇಳಲಿಲ್ಲ. ನೂರು ಕಡೆ ದಾಟುವವರ ತಪ್ಪು, ಓಡಿಸುವವರ ತಪ್ಪು ಅಂತ ಜಗಳ ಆಗುತ್ತದೆ, ಪಟ್ಟಿ ಬಳಿದ ಜಾಗವೇ ತಪ್ಪಾಗಿರುತ್ತದೆ.

ರಸ್ತೆ ವಿನ್ಯಾಸದಲ್ಲಿ 'ನಿಲ್ಲಲು ಬೇಕಾದ ಕಾಣುವ ದೂರ' ಅಂತ ಒಂದು ಲೆಕ್ಕ ಇದೆ. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಕೊಟ್ಟ ಅಂಕಿ: ವೇಗ 30 ಇದ್ದರೆ 30 ಮೀಟರ್, 40 ಇದ್ದರೆ 45, 50 ಇದ್ದರೆ 60, 60 ಇದ್ದರೆ 80. ಮೇಲೆ ಎರಡನೇ_ಗೇರ್ ಹೇಳಿದ್ದಕ್ಕಿಂತ ಇದು ಜಾಸ್ತಿ ಕಾಣುವುದಕ್ಕೆ ಕಾರಣ, ಇಲ್ಲಿ ಚಾಲಕ ಎಚ್ಚೆತ್ತುಕೊಳ್ಳಲು ಎರಡೂವರೆ ಸೆಕೆಂಡು ಹಿಡಿಯುತ್ತಾರೆ. ಪ್ರವಾಸಿ ಊರಿಗೆ ಇದೇ ಸರಿಯಾದ ಲೆಕ್ಕ. ರಾಜಾಸೀಟಿಗೆ ಮೊದಲ ಸಲ ಬರುವವನ ಅರ್ಧ ಗಮನ ಮ್ಯಾಪಿನ ಮೇಲೆ, ಇನ್ನರ್ಧ ಮಂಜಿನ ಮೇಲೆ. ಗಾಡಿಗಳು 40ರಲ್ಲಿ ಬರುವ ರಸ್ತೆಯಲ್ಲಿ, ಪಟ್ಟಿಯ ಅಂಚಿನಲ್ಲಿ ನಿಂತವರು 45 ಮೀಟರಿನಿಂದ ಕಾಣದಿದ್ದರೆ ಪಟ್ಟಿಯನ್ನು ಅಲ್ಲಿಂದ ಸರಿಸಬೇಕು, ಇಲ್ಲವೇ ಗಾಡಿಯನ್ನು 30ಕ್ಕೆ ಇಳಿಸುವ ವ್ಯವಸ್ಥೆ ಬೇಕು.

ವೇಗ ಇಳಿಸುವ ವ್ಯವಸ್ಥೆ ಅಂದರೆ ಹಂಪ್. ಹಂಪಿಗೂ ಅಳತೆ ಇದೆ: ಗುಂಡು ಹಂಪ್ ಆದರೆ 3.7 ಮೀಟರ್ ಅಗಲ, ನಡುವೆ 10 ಸೆಂ.ಮೀ. ಎತ್ತರ, ಅದು 25 ಕಿ.ಮೀ. ವೇಗಕ್ಕೆ ಲೆಕ್ಕ ಹಾಕಿದ್ದು. ಒಂದಡಿ ಅಗಲ, ಅರ್ಧ ಅಡಿ ಎತ್ತರದ ಗುಡ್ಡೆ ಹಾಕಿ ಹಂಪ್ ಅಂದರೆ ಸ್ಕೂಟರಿನವರು ಅದರ ಪಕ್ಕದ ಸಂದಿಯಲ್ಲಿ, ಅಂದರೆ ನಡೆಯುವವರು ನಿಲ್ಲುವ ಜಾಗದಲ್ಲೇ, ನುಸುಳುತ್ತಾರೆ. ಎಲ್ಲಕ್ಕಿಂತ ಒಳ್ಳೆಯದು ಪಟ್ಟಿಯನ್ನೇ ಕಾಲುದಾರಿಯ ಮಟ್ಟಕ್ಕೆ ಎತ್ತರಿಸಿ ಕಟ್ಟುವುದು. ನಡೆಯುವವರು ಇಳಿದು ಹತ್ತುವುದು ತಪ್ಪುತ್ತದೆ, ಗಾಡಿ ತಾನೇ ನಿಧಾನವಾಗುತ್ತದೆ. ನಮ್ಮ ಮಳೆಗೆ ಮಾತ್ರ ಎರಡು ಬದಿಯಲ್ಲೂ ಚರಂಡಿ ಪೈಪ್ ಬಿಡದಿದ್ದರೆ ಆ ಎತ್ತರದ ಮೇಲ್ಬದಿಯಲ್ಲಿ ನೀರು ಕಟ್ಟಿ ಕೆರೆ ಆಗುತ್ತದೆ. ಇಳಿಜಾರಿನ ರಸ್ತೆಯಲ್ಲಿ ಇದನ್ನು ಮರೆತರೆ ಒಂದೇ ಮಳೆಗಾಲಕ್ಕೆ ಡಾಂಬರು ಕಿತ್ತು ಬರುತ್ತದೆ.

ಪಟ್ಟಿಯ ಗೆರೆ ಅರ್ಧ ಮೀಟರ್ ಅಗಲ, ನಡುವಿನ ಖಾಲಿಯೂ ಅರ್ಧ ಮೀಟರ್. ಎರಡು ತರಹ ಬಳಿಯುತ್ತಾರೆ. ಮಾಮೂಲಿ ಪೇಂಟು ಒಂದು, ಬಿಸಿ ಮಾಡಿ ಹರಡುವ ಥರ್ಮೋಪ್ಲಾಸ್ಟಿಕ್ ಇನ್ನೊಂದು. ಎರಡನೆಯದು ಸುಮಾರು 2.5 ಮಿ.ಮೀ. ದಪ್ಪ, ಮೇಲೆ ಸಣ್ಣ ಗಾಜಿನ ಮಣಿ ಉದುರಿಸಿರುತ್ತಾರೆ. ಹೆಡ್‌ಲೈಟ್ ಬೆಳಕು ಮಣಿಯೊಳಗೆ ಹೋಗಿ ಚಾಲಕನ ಕಡೆಗೇ ತಿರುಗಿ ಬರುತ್ತದೆ, ಅದಕ್ಕೇ ರಾತ್ರಿ ಹೊಳೆಯುವುದು. ಮಳೆ ಬಂದು ಮಣಿಗಳ ಮೇಲೆ ನೀರಿನ ಪದರ ನಿಂತರೆ ಬೆಳಕು ನೀರಿನ ಮೇಲಿಂದಲೇ ಮುಂದಕ್ಕೆ ಜಾರಿಹೋಗುತ್ತದೆ, ಹಿಂದಕ್ಕೆ ಬರುವುದಿಲ್ಲ. ಹಗಲು ಫಳಫಳ ಕಾಣುವ ಪಟ್ಟಿ ಜುಲೈ ರಾತ್ರಿ ಕಾಣದೆ ಹೋಗುವುದು ಇದರಿಂದ. ಅಂಥ ಹೊತ್ತಿನಲ್ಲಿ ನೆಲದ ಗೆರೆ ನಂಬಬಾರದು. ಕಂಬದ ಮೇಲಿನ ಫಲಕ ನೋಡಬೇಕು: ಕೆಂಪು ಅಂಚಿನ ತ್ರಿಕೋನ, ಒಳಗೆ ಪಟ್ಟಿಯ ಮೇಲೆ ನಡೆಯುವ ಮನುಷ್ಯ. ಫಲಕವನ್ನು ಕಾಡುಬಳ್ಳಿ ಮುಚ್ಚದಂತೆ ನೋಡಿಕೊಳ್ಳುವವರು ಯಾರು, ಅದು ಬೇರೆ ದುಃಖ.

ಪಟ್ಟಿಯ ಹತ್ತಿರ ಗಾಡಿ ನಿಲ್ಲಿಸುವುದು ನಿಯಮಕ್ಕೆ ವಿರುದ್ಧ. ಅದು ಬರೀ ಜಾಗದ ಗಲಾಟೆ ಅಲ್ಲ, ನಿಲ್ಲಿಸಿದ ಒಂದು ಜೀಪು ಅಂಚಿನಲ್ಲಿ ನಿಂತ ಮಗುವನ್ನು ಪೂರ್ತಿ ಮರೆ ಮಾಡುತ್ತದೆ. ಬೇಕರಿ ಮುಂದೆ "ಎರಡೇ ನಿಮಿಷ" ಅಂತ ನಿಲ್ಲಿಸುವವರೆಲ್ಲ ಇದನ್ನೊಮ್ಮೆ ರಸ್ತೆಯ ಆಚೆ ಬದಿಯಿಂದ ಕೂತು ನೋಡಬೇಕು, ಕೂತು ಅಂದರೆ ಮಗುವಿನ ಎತ್ತರಕ್ಕೆ.

---

ತೋಟದ_ದಾರಿ

ಪೇಟೆ ಬಿಟ್ಟರೆ ಪಟ್ಟಿಯೇ ಇಲ್ಲ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಸಂಜೆ ಕೆಲಸ ಬಿಟ್ಟು ಲೈನ್‌ಮನೆಗೆ (ತೋಟದ ಕಾರ್ಮಿಕರ ಸಾಲುಮನೆ) ಹೋಗುವವರು ಸಾಲಾಗಿ ರಸ್ತೆಯಲ್ಲೇ ನಡೆಯುತ್ತಾರೆ. ಅಲ್ಲಿಗೆ ಬೇಕಾದದ್ದು ಇಷ್ಟು.

ಕಾಲುದಾರಿ ಇಲ್ಲದ ಕಡೆ ಬಲಬದಿಯಲ್ಲಿ, ಎದುರು ಬರುವ ಗಾಡಿಗೆ ಮುಖ ಮಾಡಿ, ಒಬ್ಬರ ಹಿಂದೆ ಒಬ್ಬರು. ಒಂದೇ ಕಡೆ ಇದನ್ನು ಮುರಿಯಬೇಕು: ರಸ್ತೆ ಬಲಕ್ಕೆ ಗಕ್ಕನೆ ತಿರುಗಿ, ಒಳಬದಿಯಲ್ಲಿ ಬರೆ ಇದ್ದಾಗ. ಆ ತಿರುವಿನ ಒಳಗೆ ನೀವು ಅಂಟಿಕೊಂಡು ನಡೆಯುತ್ತಿದ್ದರೆ ಎದುರಿನವನಿಗೆ ಮೂತಿಗೆ ಬರುವವರೆಗೆ ಕಾಣುವುದಿಲ್ಲ. ತಿರುವಿಗೆ ಸಾಕಷ್ಟು ಮೊದಲೇ ನೇರ ರಸ್ತೆಯಲ್ಲಿ ಎಡಕ್ಕೆ ದಾಟಿ, ತಿರುವಿನ ಹೊರಬದಿಯಲ್ಲಿ ಹೋಗಿ, ಕಳೆದ ಮೇಲೆ ವಾಪಸ್ ಬಲಕ್ಕೆ.

ಕತ್ತಲಲ್ಲಿ ಡಿಮ್ ಬೆಳಕಿನ ಕಾರಿಗೆ ಕಪ್ಪು ರೈನ್‌ಕೋಟ್ ತೀರಾ ಹತ್ತಿರ ಬರುವವರೆಗೆ ಕಾಣುವುದಿಲ್ಲ. ಅಷ್ಟರಲ್ಲಿ ಮೇಲಿನ ಲೆಕ್ಕದ 37 ಮೀಟರ್ ಎಲ್ಲಿಂದ ಬರಬೇಕು? ಬಿಳಿ ಬಟ್ಟೆ ಸ್ವಲ್ಪ ವಾಸಿ, ಹೊಳೆಯುವ ಟೇಪ್ ಅದರ ಎಷ್ಟೋ ಪಟ್ಟು ದೂರಕ್ಕೆ ಕಾಣುತ್ತದೆ. ಟೇಪನ್ನು ಎದೆಗೆ ಹಾಕುವುದಕ್ಕಿಂತ ಗಂಬೂಟಿನ ಕಣಕಾಲಿಗೆ, ಕೈಯ ಮಣಿಕಟ್ಟಿಗೆ ಸುತ್ತಿ. ಡಿಮ್ ಬೆಳಕು ಬೀಳುವುದು ಕೆಳಗೆ, ಅಲುಗಾಡುವ ಹೊಳಪನ್ನು ಚಾಲಕ ಮನುಷ್ಯ ಎಂದು ಬೇಗ ಗುರುತಿಸುತ್ತಾನೆ. ಟಾರ್ಚ್ ಇದ್ದರೆ ನೆಲಕ್ಕೆ ಹಿಡಿಯಿರಿ, ಗಾಡಿಯ ಗಾಜಿಗೆ ಹಿಡಿದು ಅವನ ಕಣ್ಣು ಕಟ್ಟಬೇಡಿ.

ಓಡಿಸುವವರಿಗೆ: ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಬೆಳಕು ಹನಿಗಳಿಗೆ ಬಡಿದು ನಿಮ್ಮ ಕಣ್ಣಿಗೇ ಬಿಳಿ ಗೋಡೆ ಕಟ್ಟುತ್ತದೆ. ಡಿಮ್ ಮತ್ತು ಫಾಗ್ ಲೈಟ್ ಸಾಕು. ಚಲಿಸುವಾಗ ನಾಲ್ಕೂ ಇಂಡಿಕೇಟರ್ ಮಿನುಗಿಸಬೇಡಿ, ನೀವು ನಿಂತಿದ್ದೀರೋ ಬರುತ್ತಿದ್ದೀರೋ, ಎಡಕ್ಕೋ ಬಲಕ್ಕೋ, ನಡೆಯುವವರಿಗೆ ತಿಳಿಯುವುದಿಲ್ಲ. ಒಳಗಿನಿಂದ ಗಾಜು ಮಬ್ಬಾದರೆ ಕೈಯಿಂದ ಒರೆಸುತ್ತಾ ಓಡಿಸುವ ಅಭ್ಯಾಸ ಬಿಡಿ, ಎಸಿ ಹಾಕಿ ಗಾಳಿಯನ್ನು ಗಾಜಿನ ಕಡೆ ತಿರುಗಿಸಿ. ಎಸಿ ಇಲ್ಲದ ಜೀಪಿನಲ್ಲಿ ಎರಡೂ ಬದಿ ಪರದೆ ಒಂದಿಷ್ಟು ತೆರೆದಿಡಿ.

---

ಕಾಫಿಹೂ

ಕೊನೆಯ ಪ್ರಶ್ನೆ. ಮಾಸಿದ ಪಟ್ಟಿ, ತಿರುವಿನ ಬುಡದ ಪಟ್ಟಿ ಸರಿ ಮಾಡಿಸಲು ಅರ್ಜಿ ಯಾರಿಗೆ, ಹೇಗೆ ಬರೆಯಬೇಕು? "ದಯವಿಟ್ಟು ಸೂಕ್ತ ಕ್ರಮ ಕೈಗೊಳ್ಳಿ" ಅಂತ ಬರೆದರೆ ಎಲ್ಲಿಗೆ ಹೋಗುತ್ತೆ ಅಂತ ಗೊತ್ತು.

---

ಡಾಂಬರು_ಮತ್ತು_ಬಣ್ಣ

ಮೊದಲು ರಸ್ತೆ ಯಾರದು ಅಂತ ನೋಡಿ. ಕುಶಾಲನಗರ, ಮಡಿಕೇರಿ, ಸಂಪಾಜೆ ಮೂಲಕ ಹೋಗುವ 275 ರಾಷ್ಟ್ರೀಯ ಹೆದ್ದಾರಿ ಆದರೆ ಹೆದ್ದಾರಿಯವರಿಗೆ, ರಾಜ್ಯ ಹೆದ್ದಾರಿ ಅಥವಾ ಜಿಲ್ಲಾ ಮುಖ್ಯ ರಸ್ತೆ ಆದರೆ ಲೋಕೋಪಯೋಗಿ ಇಲಾಖೆಗೆ, ಊರೊಳಗಿನ ಬೀದಿ ಆದರೆ ನಗರಸಭೆಗೋ ಪಂಚಾಯಿತಿಗೋ. ತಪ್ಪು ಕಚೇರಿಗೆ ಕೊಟ್ಟರೆ ಕಾಗದ ತಿರುಗುತ್ತಲೇ ಇರುತ್ತದೆ. ಸಂಚಾರ ಪೊಲೀಸರಿಗೆ ಒಂದು ಪ್ರತಿ ಕೊಡಿ, ಪಟ್ಟಿ ಪಕ್ಕದ ಪಾರ್ಕಿಂಗ್ ತೆಗೆಸುವವರು ಅವರೇ. ರಸ್ತೆ ವಿನ್ಯಾಸ, ನಿರ್ವಹಣೆಯ ಸುರಕ್ಷತಾ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಆದರೆ ಹೊಣೆಗಾರ ಪ್ರಾಧಿಕಾರ, ಗುತ್ತಿಗೆದಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ಎಂದು ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಬಂದ 198ಎ ಕಲಂ ಹೇಳುತ್ತದೆ. ಅರ್ಜಿಯಲ್ಲಿ ಆ ಕಲಂ ಹೆಸರಿಸಿ, ಬೆದರಿಕೆಯ ಧಾಟಿ ಬೇಡ.

ಅರ್ಜಿ ಒಂದು ಪುಟ ಸಾಕು. ಜಾಗದ ಗುರುತು, ಹತ್ತಿರದ ಕಂಬದ ಸಂಖ್ಯೆ. ಪಟ್ಟಿಯ ಅಂಚಿನಿಂದ ತಿರುವಿನವರೆಗೆ ಹೆಜ್ಜೆಯಲ್ಲಿ ಅಲ್ಲ, ಟೇಪಿನಲ್ಲಿ ಅಳೆದ ದೂರ. ಪಕ್ಕದಲ್ಲಿ "40 ಕಿ.ಮೀ. ವೇಗಕ್ಕೆ ಬೇಕಾದ್ದು 45 ಮೀಟರ್, ಇಲ್ಲಿರುವುದು ಇಷ್ಟು" ಎಂದು ಒಂದು ಸಾಲು. ಫೋಟೋ ಮೂರು: ಹಗಲಿನದು, ರಾತ್ರಿ ಮಳೆಯಲ್ಲಿ ನಿಲ್ಲಿಸಿದ ಕಾರಿನೊಳಗಿಂದ ಪ್ರಯಾಣಿಕರ ಸೀಟಿನಲ್ಲಿ ಕೂತವರು ತೆಗೆದದ್ದು, ಅಂಚಿನಲ್ಲಿ ಮಗುವಿನ ಎತ್ತರದಿಂದ ತೆಗೆದದ್ದು. ಏನು ಬೇಕು ಎನ್ನುವುದನ್ನೂ ನೀವೇ ಹೇಳಿ: ಪಟ್ಟಿಯನ್ನು ಇಂತಿಷ್ಟು ಮೀಟರ್ ಮೇಲಕ್ಕೆ ಸರಿಸಿ, ಎರಡು ದಿಕ್ಕಿಗೂ ಫಲಕ ಹಾಕಿ, ಪಟ್ಟಿಯ ನೇರಕ್ಕೆ ಒಂದು ಬೀದಿದೀಪ. ಸ್ವೀಕೃತಿ ಮೊಹರು ಹಾಕಿಸಿಕೊಳ್ಳದೆ ಬರಬೇಡಿ.

ಮತ್ತೆ, ಬಣ್ಣದ ಕೆಲಸ ಮಳೆಗಾಲದಲ್ಲಿ ಕೇಳಬೇಡಿ. ಒದ್ದೆ ಡಾಂಬರಿಗೆ ಥರ್ಮೋಪ್ಲಾಸ್ಟಿಕ್ ಅಂಟುವುದಿಲ್ಲ, ಹಪ್ಪಳದ ಹಾಗೆ ಎದ್ದು ಬರುತ್ತದೆ. ಅರ್ಜಿ ಸೆಪ್ಟೆಂಬರ್‌ನಲ್ಲಿ ಕೊಟ್ಟರೆ ರಸ್ತೆ ಒಣಗುವ ಹೊತ್ತಿಗೆ ಕಡತ ಮೇಜಿಗೆ ಬಂದಿರುತ್ತದೆ.